ಇನ್ನೂರೈವತ್ತಾರರವರೆಗೆ

ಇಂಟರ್ನೆಟ್ ಇರುವ ಮನೆಯಲ್ಲಿ ಅದು ನಿಧಾನ ಅಂತ ಗೊಣಗುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕಾಲ ಎಷ್ಟು ಬದಲಾದರೂ ಆ ಗೊಣಗಾಟ ನಿಂತದ್ದನ್ನು ನಾನಂತೂ ಕಂಡಿಲ್ಲ. ಮೊನ್ನೆ ನಾದಿನಿಯ ಮಗಳು ನಮ್ಮ ಮನೆಗೆ ಬಂದವಳು ಫೋನಿನಲ್ಲಿ ಏನೋ ನೋಡುತ್ತಾ ಕೂತಿದ್ದಳು. ಚಿತ್ರ ಒಂದು ಕ್ಷಣ ನಿಂತು ಮತ್ತೆ ಓಡಿತು. ಅಷ್ಟಕ್ಕೇ, "ಛೀ, ಎಂಥಾ ಸ್ಲೋ ಐತಿ ಅತ್ತಿ ನಿಮ್ಮನಿ ನೆಟ್ಟು!" ಅಂದಳು. ನನಗೆ ನಗು ಬಂತು. ಅವಳಿಗೆ ಸಿಟ್ಟು ಬಂತು. ಯಾಕೆ ನಕ್ಕೆ ಅಂತ ಹೇಳುತ್ತಾ ಕೂತರೆ ಅವಳ ಫೋನಿನ ಚಾರ್ಜು ಮುಗಿದುಹೋಗುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗಣಿ ಭರಾಟೆಯ ಆ ವರ್ಷಗಳಲ್ಲಿ ನಾನು ಹೊಸಪೇಟೆಯ ಒಂದು ಖಾಸಗಿ ಇಂಟರ್ನೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕೆಲಸ ಅಂದರೆ ದೂರು ಬರೆದುಕೊಳ್ಳುವುದು. ಒಂದು ಮೇಜು, ಒಂದು ಫೋನು, ಒಂದು ದಪ್ಪ ಪುಸ್ತಕ. ಬೆಳಿಗ್ಗೆ ಮೇಜು ಒರೆಸಿದರೆ ಮಧ್ಯಾಹ್ನಕ್ಕೆ ಅದರ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಸಂಡೂರು ಕಡೆಯಿಂದ ಅದಿರು ಹೊತ್ತ ಲಾರಿಗಳು ಹಗಲಿಡೀ ಬರುತ್ತಿದ್ದವು, ಊರಿಗೆ ಊರೇ ಕೆಂಪಗಿತ್ತು. ಆಫೀಸಿನಲ್ಲಿ ಇದ್ದದ್ದು ಮೂರೇ ಜನ. ಮೈಸೂರು ಕಡೆಯಿಂದ ವರ್ಗವಾಗಿ ಬಂದು ನಮ್ಮ ಬಿಸಿಲಿಗೆ ಬೆಂದುಹೋಗಿದ್ದ ಮ್ಯಾನೇಜರು, ಹತ್ತಿರದ ಬುಕ್ಕಸಾಗರದವನಾದ ಲೈನ್‌ಮ್ಯಾನು, ಮತ್ತು ನಾನು. ಬಳ್ಳಾರಿ ಕಡೆಯಿಂದ ಬರುವ ಒಂದೇ ಒಂದು ಲೈನನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಅಂತ ನಾಲ್ಕೂ ಕಡೆ ಹಂಚುತ್ತಿದ್ದೆವು. ಹಬ್ಬದ ದಿನ ಒಂದೇ ಪಾತ್ರೆ ಪಾಯಸಕ್ಕೆ ಓಣಿಯೆಲ್ಲಾ ಕೂತ ಹಾಗೆ.

ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮ ದೊಡ್ಡ ಜಾಹೀರಾತು ಫಲಕವಿತ್ತು. ಅದರ ಮೇಲೆ ನೆಗೆಯುತ್ತಿರುವ ಚಿರತೆ, ಪಕ್ಕದಲ್ಲಿ ಆಳೆತ್ತರದ ಅಕ್ಷರದಲ್ಲಿ '256', ಅಂದರೆ ನಮ್ಮ ಸ್ಪೀಡು. ಆ ಸಂಖ್ಯೆಯ ಬಾಲಕ್ಕೆ 'ರವರೆಗೆ' ಅನ್ನುವ ನಾಲ್ಕು ಸಣ್ಣ ಅಕ್ಷರವೂ ಇತ್ತು. ಅದು ನನ್ನ ಕಣ್ಣಿಗೆ ಬೀಳಲು ಆರು ತಿಂಗಳು ಬೇಕಾಯಿತು. ನಾನು ದಿನಾ ಅದರ ಕೆಳಗೇ ಆಟೋ ಹತ್ತುತ್ತಿದ್ದೆ.

ಒಂದು ಡಜನ್ ಬಾಳೆಹಣ್ಣು

ಕಂಪ್ಲಿಯಲ್ಲಿ ನಮ್ಮ ಗ್ರಾಹಕರೊಬ್ಬರು ಮೇಷ್ಟ್ರಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಓಣಿಯ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ ಅಂತ ಯಾರೋ ಹೇಳಿದ್ದಕ್ಕೆ ಪಿಂಚಣಿಯಿಂದ ಕಂಪ್ಯೂಟರ್ ತಂದು, ನಮ್ಮ ಸಂಪರ್ಕ ಹಾಕಿಸಿಕೊಂಡಿದ್ದರು. ಬಿಳಿ ಅಂಗಿ, ಬಿಳಿ ಧೋತರ ಉಟ್ಟು ಬಸ್ಸಿಳಿದವರು ನಮ್ಮ ಮೆಟ್ಟಿಲು ಹತ್ತುವ ಹೊತ್ತಿಗೆ ತೆಳು ಗುಲಾಬಿ ಆಗಿರುತ್ತಿದ್ದರು.

ಮೊದಲ ಸಲ ಬಂದಾಗ ಕೈಯಲ್ಲಿ ಒಂದು ಗ್ರಾಫ್ ಹಾಳೆ ಇತ್ತು. ಒಂದು ಗೆರೆಗೆ ಗಂಟೆ, ಇನ್ನೊಂದು ಗೆರೆಗೆ ಸ್ಪೀಡು. ಹದಿನೈದು ದಿನ ಕೂತು ಬರೆದದ್ದು.

"ಯಮ್ಮಾ, ನೀವು ಇನ್ನೂರೈವತ್ತಾರು ಅಂದ್ರಿ. ನನ್ನ ಕಂಪ್ಯೂಟರಿನಾಗ ಒಂಬತ್ತು ತೋರಿಸ್ತೈತಿ. ಎಲ್ಲಿಯ ಇನ್ನೂರೈವತ್ತಾರು, ಎಲ್ಲಿಯ ಒಂಬತ್ತು?"

ಇದಕ್ಕೆ ಉತ್ತರ ನನಗೆ ಬಾಯಿಪಾಠವಾಗಿತ್ತು. "ಸರ್, ನಾವು ಹೇಳೋದು ಬಿಟ್‌ನಲ್ಲಿ. ನಿಮ್ಮ ಕಂಪ್ಯೂಟರ್ ತೋರಿಸೋದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್ ಸರ್."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅದರಿಂದ ಕನ್ನಡಕ ಇನ್ನಷ್ಟು ಕೆಂಪಾಯಿತು.

"ಹಂಗಂದ್ರ, ಬಾಳಿಹಣ್ಣಿನ ಅಂಗಡ್ಯಾಂವ ಡಜನ್ ಅಂತ ಬೋರ್ಡ್ ಹಾಕಿ, ಮನಿಗೆ ಹೋಗಿ ಚೀಲ ಬಿಚ್ಚಿದ ಮ್ಯಾಲೆ, 'ನಮ್ಮ ಡಜನ್ನಿನಾಗ ಒಂದೂವರಿ ಹಣ್ಣ ಇರ್ತಾವ್ರಿ' ಅಂದಂಗಾತು!"

ಹನ್ನೆರಡನ್ನು ಎಂಟರಿಂದ ಭಾಗಿಸಿದರೆ ಒಂದೂವರೆ ಅನ್ನುವುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಮೇಷ್ಟ್ರು ನನ್ನ ಪೆನ್ನು ಇಸಕೊಂಡು ಗ್ರಾಫಿನ ಅಂಚಿನಲ್ಲಿ ಲೆಕ್ಕ ಮಾಡಿದ್ದರು.

"ಆತು. ನಿಮ್ಮ ಪಾಠ ಒಪ್ಪಿದೆ. ಎಂಟರಿಂದ ಭಾಗಿಸಿದ್ರೂ ಮೂವತ್ತೆರಡು ಬರಬೇಕು. ಬಂದದ್ದು ಒಂಬತ್ತು." ಪೆನ್ನು ವಾಪಸು ಕೊಟ್ಟು, ಮೂವತ್ತು ವರ್ಷ ಬೆಂಚಿನ ಮುಂದೆ ನಿಂತ ದನಿಯಲ್ಲಿ ಹೇಳಿದರು: "ಮೂವತ್ತೆರಡಕ್ಕ ಒಂಬತ್ತು ತಗೊಂಡವರನ್ನ ನಾನು ಯಾವತ್ತೂ ಪಾಸ್ ಮಾಡಿಲ್ಲಮ್ಮ."

ಯಶವಂತನಗರದ ಲೋಡು

ಸಂಡೂರು ಹತ್ತಿರದ ಯಶವಂತನಗರದಲ್ಲಿ ಒಬ್ಬ ಲಾರಿ ಮಾಲೀಕರಿದ್ದರು. ಅದಕ್ಕೂ ಎರಡು ವರ್ಷದ ಹಿಂದೆ ಒಂದು ಲಾರಿ, ನಾನು ಕಂಡಾಗ ಹನ್ನೊಂದು. ಕೊರಳಲ್ಲಿ ಹೆಬ್ಬೆರಳು ದಪ್ಪದ ಚೈನು. ಇಂಟರ್ನೆಟ್ ಏನಕ್ಕೆ ಅಂತ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಪಕ್ಕದ ಆಫೀಸಿನವರು ಹಾಕಿಸಿದ್ದರು, ಇವರೂ ಹಾಕಿಸಿದರು. ಆದರೆ ಮದ್ರಾಸಿನ ಒಂದು ಕಂಪನಿ, ಲೋಡಿನ ಕಾಗದವನ್ನೆಲ್ಲಾ ಇನ್ನು ಮೇಲೆ ಇ-ಮೇಲಿನಲ್ಲೇ ಕಳಿಸಬೇಕು ಅಂದ ದಿನದಿಂದ ಅವರಿಗೆ ನಿದ್ದೆ ಹೋಯಿತು. ಕಾಗದ ಹೋಗುತ್ತಲೇ ಇರಲಿಲ್ಲ.

ಒಂದು ದಿನ ಫೋನ್ ಮಾಡಿದರು.

"ಮೇಡಂ, ಹೊಸಪೇಟ್ಯಾಗ ಸ್ಪೀಡ್ ಮಸ್ತ್ ಐತಂತಲ್ಲ?"

"ಸುಮಾರಿಗೆ ಐತಿ ಸರ್."

"ಮತ್ತ ನಮಗ್ಯಾಕ ಇಲ್ಲ?"

"ಅಲ್ಲಿಗೆ ಬರೋವಷ್ಟೊತ್ತಿಗೆ ಸ್ವಲ್ಪ ಕಡಿಮೆ ಆಗ್ತೈತಿ ಸರ್."

"ಅಷ್ಟೇ ಏನು? ನಮ್ಮ ಹನ್ನೊಂದು ಲಾರಿ ಹೊಸಪೇಟಿ ಗೂಡ್ಸ್ ಯಾರ್ಡಿನಾಗ ಮಾಲ್ ಇಳಿಸಿ ವಾಪಸ್ ಖಾಲೀನ ಬರ್ತಾವ. ನಿಮ್ಮ ಆಫೀಸಿನ ಮುಂದ ನಿಲ್ಲಸಾಕ ಹೇಳ್ತೀನಿ. ಎಷ್ಟು ಬೇಕಷ್ಟು ಸ್ಪೀಡ್ ತುಂಬಿ ಕಳಸ್ರಿ."

ಇವರು ತಮಾಷೆ ಮಾಡುತ್ತಿದ್ದಾರೋ ನಿಜವಾಗಿ ಹೇಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಅವರು ನಗಲಿಲ್ಲ. ಫೋನ್ ಇಟ್ಟುಬಿಟ್ಟರು.

ಮಾರನೆಯ ದಿನ ಮಧ್ಯಾಹ್ನ ಕೆಳಗೆ ರಸ್ತೆಯಲ್ಲಿ ಬ್ರೇಕಿನ ಸದ್ದು. ಕಿಟಕಿಯಿಂದ ನೋಡಿದರೆ ತಲೆತನಕ ಅದಿರು ತುಂಬಿದ ಲಾರಿ. ಡ್ರೈವರು ಮೆಟ್ಟಿಲು ಹತ್ತಿ ಬಂದ, ಹುಬ್ಬು ಮೀಸೆ ಎಲ್ಲಾ ಕೆಂಪು. ಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟ.

"ಸಾವ್ಕಾರ್ರು ಕೊಟ್ಟಾರ. ಇದನ್ನ ಮದ್ರಾಸಿಗೆ ಇ-ಮೇಲ್ ಮಾಡ್ಬೇಕಂತ ನೀವು."

ನಿಯಮದಲ್ಲಿ ಅವಕಾಶ ಇರಲಿಲ್ಲ. ಆದರೆ ಆ ಮನುಷ್ಯನ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಆಫೀಸಿನ ಕಂಪ್ಯೂಟರಿಗೆ ಹಾಕಿ ಕಳಿಸಿದೆ. ಹೋಯಿತು. ಡ್ರೈವರು ಅಲ್ಲಾಡಲಿಲ್ಲ.

"ಮಾಲ್ ಮುಟ್ಟೇತಿ ಅಂತ ಒಂದು ಸಹಿ ಹಾಕಿ ಕೊಡ್ರಿ."

ಕೊಟ್ಟೆ. ಆಮೇಲೆ ಎರಡು ತಿಂಗಳು ಯಶವಂತನಗರದ ಇ-ಮೇಲ್‌ಗಳೆಲ್ಲಾ ಅದಿರಿನ ಲಾರಿಯಲ್ಲೇ ಬಂದವು. ಕಡೆಗೊಂದು ದಿನ ಆ ಡ್ರೈವರು ಸಹಿ ಹಾಕಿದ ಚೀಟಿ ಮಡಚಿ ಜೇಬಿಗಿಡುತ್ತಾ ಕೇಳಿದ: "ಮೇಡಂ, ನಾನು ಹನ್ನೆರಡು ವರ್ಷದಿಂದ ಲಾರಿ ಹೊಡಿತೀನಿ. ಲೋಡ್ ಗಾಡಿ, ದಾರಿ ತುಂಬ ತಗ್ಗು, ನಡುವ ಒಂದು ಚಾ. ಅಷ್ಟಾದ್ರೂ ನಿಮ್ಮ ಕೇಬಲ್ಲಿಗಿಂತ ಮೊದಲ ಬಂದು ನಿಲ್ತೀನಿ. ಆ ಚಿರತಿ ಚಿತ್ರ ತಗದು ನಮ್ಮ ಗಾಡಿದು ಹಾಕಿಸಬಾರದೇನ್ರಿ?"

ಹಂಪಿಯ ಅಮ್ಮನವರ ಹಕ್ಕು

ಹಂಪಿಯಲ್ಲಿ ಒಬ್ಬ ಹೆಣ್ಣುಮಗಳು ತಮ್ಮ ಮನೆಯ ಮಹಡಿಯ ನಾಲ್ಕು ಕೋಣೆಗಳನ್ನು ಗೆಸ್ಟ್‌ಹೌಸ್ ಮಾಡಿದ್ದರು. ಐವತ್ತು ದಾಟಿದವರು. ಇಂಗ್ಲಿಷು, ಹೀಬ್ರೂ, ಫ್ರೆಂಚು, ಎಲ್ಲದರಲ್ಲೂ ಊಟ, ಬಿಸಿನೀರು, ಬಾಡಿಗೆ ಈ ಮೂರು ಮಾತು ಅವರಿಗೆ ಬರುತ್ತಿದ್ದವು. ಬಾಗಿಲಿಗೆ 'ಹೈಸ್ಪೀಡ್ ಇಂಟರ್ನೆಟ್' ಅಂತ ಬೋರ್ಡು. ಕೆಳಗೆ ಜಗಲಿಯ ಮೇಲೆ ಒಂದೇ ಕಂಪ್ಯೂಟರು.

ಮೊದಲು ಬಂದಾಗ ಅವರು ಕೆಂಡವಾಗಿದ್ದರು. "ನಮ್ಮ ಮರ್ಯಾದಿ ಹೋತು ನೋಡು ತಂಗಿ. ಆ ಉದ್ದನ್ನ ಮನಷ್ಯಾ ತನ್ನ ಊರಿಗೆ ಒಂದು ಫೋಟೋ ಕಳಸಾಕ ಬೆಳಿಗ್ಗೆ ಕುಂತಾಂವ, ಹೊತ್ತು ಮುಳುಗಿದ್ರೂ ಎದ್ದಿಲ್ಲ. ಬೋರ್ಡ್ ತೋರಿಸಿ ನನಗ ಬೈದ. ಗ್ರಾಹಕರ ಹಕ್ಕು ಅಂತ ಒಂದೈತಿ, ನನಗ ಗೊತ್ತೈತಿ!"

ಬರೆದುಕೊಂಡೆ. ಲೈನ್‌ಮ್ಯಾನ್ ಹೋಗಿ ನೋಡಿ ಬಂದ. ಸರಿಯಾಗಲಿಲ್ಲ. ಆದರೆ ಆಮೇಲೆ ಅಮ್ಮನವರಿಂದ ಫೋನೂ ಇಲ್ಲ, ದೂರೂ ಇಲ್ಲ. ಪಾಪ, ಸೋತು ಸುಮ್ಮನಾದರೇನೋ ಅಂತ ನನಗೇ ಕಸಿವಿಸಿ. ಸುಮಾರು ಆರು ತಿಂಗಳ ಮೇಲೆ ಹಂಪಿಯ ಕಡೆಗೆ ಹೊಸ ಕೇಬಲ್ ಎಳೆದರು. ಸ್ಪೀಡು ನಿಜವಾಗಿಯೂ ಹೆಚ್ಚಿತು. ನಾನು ಖುಷಿಯಿಂದ ಅವರಿಗೆ ಫೋನ್ ಮಾಡಬೇಕು ಅಂದುಕೊಳ್ಳುವಷ್ಟರಲ್ಲಿ ಅವರೇ ಆಟೋ ಮಾಡಿಕೊಂಡು ಬಂದಿಳಿದರು. ಮತ್ತೆ ಕೆಂಡ.

"ಯಾರನ್ನ ಕೇಳಿ ಜೋರ್ ಮಾಡಿದ್ರಿ?"

"ನಿಮ್ಮದೇ ದೂರಿತ್ತಲ್ಲಮ್ಮ, ನಿಧಾನ ಅಂತ?"

"ಅದು ಆಗ! ಒಂದೊಂದು ಫೋಟೋ ಹೋಗಾಕ ಅರ್ಧ ದಿನ ಹಿಡಿತಿತ್ತು. ಕುಂತಲ್ಲೇ ಎರಡು ದ್ವಾಸಿ, ಮೂರು ಚಾ, ಮಧ್ಯಾಹ್ನ ಊಟ. ಒಬ್ಬಾಕಿ ಅಂತೂ ಇ-ಮೇಲ್ ಬರ್ಲಿ ಅಂತ ಎರಡು ದಿನ ಹೆಚ್ಚಿಗಿ ಉಳಕೊಂಡ್ಲು. ಈಗ ಬರ್ತಾರ, ಟಕಟಕ ಒತ್ತತಾರ, ಎದ್ದು ಹೋಗ್ತಾರ. ದ್ವಾಸಿ ಹಿಟ್ಟು ಹುಳಿ ಬರಾಕ ಹತ್ತೈತಿ!"

ನಾನು ಪುಸ್ತಕ ತೆಗೆದೆ. "ಏನಂತ ಬರೀಲಿ ಅಮ್ಮ?"

ಅವರು ಸೆರಗು ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳಿದರು: "ಮೊದಲಿನಂಗ ಮಾಡಿಕೊಡೂದು ಅಂತ ಬರಿ. ಗ್ರಾಹಕರ ಹಕ್ಕು ಅಂತ ಒಂದೈತಿ, ನನಗ ಗೊತ್ತೈತಿ."

ಶುಕ್ರವಾರದ ಬಿಸಿಲು

ಇತ್ತ ಕಂಪ್ಲಿಯ ಮೇಷ್ಟ್ರು ವಾರಕ್ಕೊಂದು ಪತ್ರ ಬರೆಯತೊಡಗಿದ್ದರು. ಪರೀಕ್ಷೆಗೆ ಕೆಲವೇ ತಿಂಗಳಿತ್ತು. ಒಂದು ಪ್ರಶ್ನೆಪತ್ರಿಕೆ ತೆಗೆಯಲು ಕೂತರೆ ಅರ್ಧ ಬಂದು ನಿಂತುಬಿಡುತ್ತಿತ್ತಂತೆ. ಮಕ್ಕಳು ಪ್ರಶ್ನೆ ಇರುವ ಅರ್ಧ ಹಾಳೆ ನೋಡಿ, ಉಳಿದರ್ಧ ತಾವೇ ಊಹಿಸಿ ಬರೆಯುತ್ತಿದ್ದರಂತೆ. ಕಡೆಗೆ ಮ್ಯಾನೇಜರು ಲೈನ್‌ಮ್ಯಾನನ್ನು ಕರೆದು, "ನೀನೇ ಖುದ್ದಾಗಿ ಹೋಗಿ, ಸ್ಪೀಡ್ ಸರಿಯಿದೆ ಅಂತ ಅವರಿಂದ ಸಹಿ ಹಾಕಿಸಿಕೊಂಡು ಬಾಪ್ಪ" ಅಂದರು.

ನಮ್ಮ ಲೈನ್‌ಮ್ಯಾನು ಒಳ್ಳೆಯವನು, ಆದರೆ ಚಾಲಾಕಿ. ಒಮ್ಮೆ ತೆರೆದ ಪುಟವನ್ನು ಕಂಪ್ಯೂಟರು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿರುತ್ತದೆ, ಮತ್ತೆ ತೆರೆದರೆ ಲೈನಿನ ಹಂಗಿಲ್ಲದೆ ಥಟ್ಟನೆ ಬರುತ್ತದೆ ಅನ್ನುವ ಗುಟ್ಟು ಅವನಿಗೆ ಗೊತ್ತಿತ್ತು. ಮೇಷ್ಟ್ರ ಮನೆಯಲ್ಲಿ ಕೂತವನೇ ಅವರು ಹಿಂದೆ ತೆರೆದಿದ್ದ ಪುಟಗಳನ್ನೇ ಒತ್ತಿದ. ಒಂದು ಬಂತು. ಎರಡು ಬಂತು. ಮೂರನೆಯದು ಹವಾಮಾನದ ಪುಟ, ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

"ನೋಡ್ರಿ ಸರ್! ಗಾಳಿಯಂಗ ಹೊಂಟೈತಿ. ಇಲ್ಲೊಂದು ಸಹಿ ಮಾಡ್ರಿ."

ಮೇಷ್ಟ್ರು ಸಹಿ ಮಾಡುವ ಮುಂಚೆ ಪರದೆಯ ಹತ್ತಿರ ಬಗ್ಗಿದರಂತೆ. "ತಮ್ಮಾ, ಇವತ್ತು ಯಾವ ವಾರ?"

"ಮಂಗಳವಾರ ಸರ್."

"ಇಲ್ಲಿ 'ಇಂದು ಶುಕ್ರವಾರ, ಬಿಸಿಲು' ಅಂತ ಐತಲ್ಲ? ಹೊರಗ ನೋಡಿದ್ರ ಮೋಡ ಕವಿದೈತಿ."

ಲೈನ್‌ಮ್ಯಾನು ಸಹಿಯ ಹಾಳೆ ಹಿಂದಕ್ಕೆ ಎಳೆದುಕೊಂಡ.

"ನಿಮ್ಮ ಕಂಪನಿ ನಾಲ್ಕು ದಿನ ಹಿಂದ ನಡ್ಯಾಕ ಹತ್ತೈತಿ" ಅಂದರಂತೆ ಮೇಷ್ಟ್ರು. "ನಾನೂ ನಿಮ್ಮ ವೇಗಕ್ಕ ಹೊಂದಿಕೊಂತೀನಿ. ಹೋದ ಶುಕ್ರವಾರ ಬಾ, ಸಹಿ ಮಾಡತೀನಿ."

ಎದುರು ಪಾರ್ಟಿ

ಮೇಷ್ಟ್ರು ಕಡೆಗೂ ಬಳ್ಳಾರಿಯ ಗ್ರಾಹಕರ ವೇದಿಕೆಗೆ ದೂರು ಕೊಟ್ಟರು. ವಕೀಲರನ್ನು ಇಡಲಿಲ್ಲ. ಬಿಳಿ ಹಾಳೆಯಲ್ಲಿ ದುಂಡಗೆ ಬರೆದು, ಗ್ರಾಫ್ ಹಾಳೆಗಳನ್ನು ಟಾಚಣಿ ಹಾಕಿ ಸೇರಿಸಿ ಕೊಟ್ಟಿದ್ದರಷ್ಟೇ. ನಮ್ಮ ಆಫೀಸಿಗೆ ನೋಟಿಸು ಬಂದ ದಿನ ಮ್ಯಾನೇಜರಿಗೆ ಜ್ವರ ಬಂತು. ಹೆಡ್ಡಾಫೀಸಿನವರು ಬೆಂಗಳೂರಿನಿಂದ ವಕೀಲರನ್ನು ಕಳಿಸುತ್ತೇವೆ, ದೂರಿನ ವಿಷಯ ಗೊತ್ತಿರುವ ಒಬ್ಬರು ಕಂಪನಿ ಪರವಾಗಿ ಹಾಜರಿರಬೇಕು ಅಂದರು. ದೂರಿನ ವಿಷಯ ಗೊತ್ತಿದ್ದವಳು ನಾನೊಬ್ಬಳೇ.

ಬೆಳಿಗ್ಗೆ ಬಳ್ಳಾರಿ ಬಸ್ಸು ಹತ್ತಿದೆ. ಮೊದಲ ಸಲ ಕೋರ್ಟಿನಂಥ ಜಾಗಕ್ಕೆ ಹೋಗುವುದು. ಸುಳ್ಳು ಹೇಳಿದರೆ ಪಾಪ, ನಿಜ ಹೇಳಿದರೆ ಕೆಲಸ ಹೋಗುತ್ತದೆ. ಒಂದು ಸೀಟು ಖಾಲಿ ಇತ್ತು. ಕೂತೆ. ಪಕ್ಕಕ್ಕೆ ತಿರುಗಿ ನೋಡಿದರೆ ಮೇಷ್ಟ್ರು! ಹಿಂದಿನ ದಿನವೇ ಬಂದು ಹೊಸಪೇಟೆಯ ಮಗಳ ಮನೆಯಲ್ಲಿ ಉಳಿದಿದ್ದರಂತೆ.

ಮುಂದೆ ಅದಿರಿನ ಲಾರಿಗಳ ಸಾಲು. ಬಸ್ಸು ಎತ್ತಿನ ಗಾಡಿಯ ಹಾಗೆ ಸಾಗುತ್ತಿತ್ತು. ಮೇಷ್ಟ್ರು ಚೀಲದಿಂದ ಒಂದು ಪೊಟ್ಟಣ ತೆಗೆದರು. ಮಂಡಕ್ಕಿ ಒಗ್ಗರಣೆ, ಜೊತೆಗೆ ಒಂದು ಮಿರ್ಚಿ ಬಜ್ಜಿ. ನನ್ನ ಕಡೆ ಚಾಚಿದರು.

"ತಗೋಮ್ಮ. ಬೆಳಿಗ್ಗೆ ಏನೂ ತಿಂದಿಲ್ಲ ಅಂತ ಮಾರಿ ಹೇಳ್ತೈತಿ."

ತಿಂದೆ. ಮಿರ್ಚಿಯನ್ನು ಅವರು ಎರಡು ಮಾಡಿ ಅರ್ಧ ನನಗೆ ಕೊಟ್ಟರು. ಮೆಲ್ಲಗೆ ಕೇಳಿದರು: "ಅಲ್ಲಿ ಒಳಗ ಹೋಗೋವಾಗ ಚಪ್ಪಲಿ ಹೊರಗ ಬಿಡಬೇಕೇನಮ್ಮ? ನಾನು ಯಾವತ್ತೂ ಹೋಗಿಲ್ಲ."

"ನಾನೂ ಹೋಗಿಲ್ಲ ಸರ್."

"ನಿನ್ನ ನೋಡಿ ಮಾಡಿದ್ರಾತು ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಕಂಡಕ್ಟರು ಬಂದ. ಇಬ್ಬರನ್ನೂ, ನಡುವಿನ ಪೊಟ್ಟಣವನ್ನೂ ನೋಡಿ, "ತಂದಿ-ಮಗಳು ಎರಡು ಬಳ್ಳಾರಿ ಏನ್ರಿ?" ಅಂದ.

"ಬ್ಯಾರೆ ಬ್ಯಾರೆ ಕೊಡಪಾ" ಅಂದರು ಮೇಷ್ಟ್ರು. "ಇಕಿ ನನಗ ಎದುರು ಪಾರ್ಟಿ. ನಾನು ಇವರ ಕಂಪನಿ ಮ್ಯಾಲೆ ಕೇಸ್ ಹಾಕೀನಿ."

ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತ. "ಹಂಗಾರ ಒಂದ ಮಿರ್ಚಿ ಮುರುಕೊಂಡು ತಿನ್ನಾಕ ಹತ್ತೀರಲ್ರಿ?"

ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. "ಕೇಸು ಹನ್ನೊಂದಕ್ಕ ಐತಿ. ಈಗಿನ್ನ ಒಂಬತ್ತು."

ಸಿಕ್ಕವರೊಬ್ಬರು

ವೇದಿಕೆಯ ಕೋಣೆ ನಾನು ಅಂದುಕೊಂಡಷ್ಟು ಭಯಂಕರವಾಗಿರಲಿಲ್ಲ. ಫ್ಯಾನು ತಿರುಗುತ್ತಿತ್ತು. ಎತ್ತರದ ಮೇಜಿನ ಹಿಂದೆ ಅಧ್ಯಕ್ಷರು, ಅವರ ಎರಡೂ ಪಕ್ಕ ಸದಸ್ಯರು. ಚಪ್ಪಲಿ ಯಾರೂ ಬಿಟ್ಟಿರಲಿಲ್ಲ. ಮೇಷ್ಟ್ರು ಒಳಗೆ ಬಂದವರೇ ಅದನ್ನು ನೋಡಿ ನನ್ನ ಕಡೆ ನೆಮ್ಮದಿಯಿಂದ ತಲೆಯಾಡಿಸಿದರು.

ನಮ್ಮ ವಕೀಲರು ಎದ್ದು, ಜಾಹೀರಾತಿನ ತುಂಡನ್ನು ಎತ್ತಿ ಹಿಡಿದರು. "ಸ್ವಾಮಿ, ನನ್ನ ಕಕ್ಷಿದಾರರು ಇನ್ನೂರೈವತ್ತಾರು ಕೊಡುತ್ತೇವೆ ಅಂತ ಎಲ್ಲೂ ಹೇಳಿಲ್ಲ. ಇನ್ನೂರೈವತ್ತಾರರ*ವರೆಗೆ* ಅಂದಿದ್ದಾರೆ. ಒಂಬತ್ತೂ ಅದರೊಳಗೇ ಬರುತ್ತದೆ. ಒಂದೂ ಬರುತ್ತದೆ."

ಅಧ್ಯಕ್ಷರು ಕನ್ನಡಕ ಏರಿಸಿ ಆ ಸಣ್ಣ ಅಕ್ಷರ ಹುಡುಕಿದರು. ಆಮೇಲೆ ಮೇಷ್ಟ್ರ ಕಡೆ ನೋಡಿದರು. "ಏನಂತೀರಿ?"

ಮೇಷ್ಟ್ರು ಜೇಬಿನಿಂದ ಬಸ್ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟರು.

"ಸ್ವಾಮಿ, ಇವತ್ತ ಬೆಳಿಗ್ಗೆ ಬಳ್ಳಾರಿವರೆಗೆ ಅಂತ ಟಿಕೇಟು ತಗೊಂಡೆ. ಕಂಡಕ್ಟರು ನಡುದಾರಿ ತೋರಣಗಲ್ಲಿನಾಗ ಬಸ್ ನಿಲ್ಲಿಸಿ, 'ಇಳೀರಿ, ಬಳ್ಳಾರಿವರೆಗೆ ಅಂದಿದ್ವಿ, ಇದೂ ಅದರೊಳಗ ಬರ್ತೈತಿ' ಅಂದಿದ್ರ ನಾನು ಇವತ್ತು ನಿಮ್ಮ ಮುಂದ ನಿಲ್ಲತಿರಲಿಲ್ಲ. ಪುಣ್ಯಕ್ಕ ಆ ಕಂಡಕ್ಟರಿಗೆ 'ವರೆಗೆ' ಅಂದ್ರ ಏನು ಅಂತ ಗೊತ್ತಿತ್ತು."

ಇಬ್ಬರು ಸದಸ್ಯರೂ ನಕ್ಕರು. ವಕೀಲರು ಸೋಲಲಿಲ್ಲ. "ಸ್ವಾಮಿ, ತೊಂದರೆ ಇವರ ಕಂಪ್ಯೂಟರಿನದು. ಬೇರೆ ಗ್ರಾಹಕರಿಗೆ ಪೂರ್ತಿ ಸ್ಪೀಡು ಸಿಗುತ್ತಿದೆ."

ಅಧ್ಯಕ್ಷರ ಕಣ್ಣು ನನ್ನ ಮೇಲೆ ಬಿತ್ತು. "ಅಮ್ಮ, ದೂರಿನ ಪುಸ್ತಕ ನೋಡಿಕೊಳ್ಳೋರು ನೀವೇ ಅಲ್ಲವಾ? ನಿಜ ಹೇಳಿ. ಪೂರ್ತಿ ಇನ್ನೂರೈವತ್ತಾರು ಸಿಕ್ಕವರು ಯಾರಾದರೂ ಇದ್ದಾರಾ?"

ವಕೀಲರು ನನ್ನತ್ತ ಕಣ್ಣು ಬಿಟ್ಟರು. ಮೇಷ್ಟ್ರು ನೆಲ ನೋಡುತ್ತಿದ್ದರು. ನನಗೆ ಆ ಅರ್ಧ ಹಾಳೆಯ ಪ್ರಶ್ನೆಪತ್ರಿಕೆ ನೋಡಿ ಉಳಿದದ್ದು ಊಹಿಸುವ ಮಕ್ಕಳ ನೆನಪಾಯಿತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಒಬ್ಬರಿಗೆ ಸಿಕ್ಕೈತಿ ಸರ್. ನಮ್ಮ ಮ್ಯಾನೇಜರಿಗೆ."

ವಕೀಲರ ಮುಖ ಅರಳಿತು. "ನೋಡಿ ಸ್ವಾಮಿ!"

"ಯಾವಾಗ ಸಿಕ್ಕಿತು?" ಅಂದರು ಅಧ್ಯಕ್ಷರು.

"ಆಫೀಸಿನಿಂದ ಆಚೆಗೆ ಊರಿನ ಕೇಬಲ್ ಪೂರಾ ಕಟ್ ಆದ ದಿನ ಸರ್."

ಅಧ್ಯಕ್ಷರು ಬಗ್ಗಿ ಏನೋ ಬರೆಯತೊಡಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು.

ಮ್ಯಾನೇಜರ ಇ-ಮೇಲ್

ಕೆಲವು ವಾರದ ಮೇಲೆ ಆದೇಶ ಬಂತು. ಮೇಷ್ಟ್ರು ಗೆದ್ದರು. ಕಂಪ್ಲಿಯ ಲೈನನ್ನು ಸರಿಮಾಡಿಕೊಡಬೇಕು, ಜಾಹೀರಾತಿನಲ್ಲಿ ಕನಿಷ್ಠ ಎಷ್ಟು ಸ್ಪೀಡು ಸಿಗುತ್ತದೆ ಅನ್ನುವುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ತೀರ್ಪು. ಆ ವರ್ಷ ಮೇಷ್ಟ್ರ ಮಕ್ಕಳಿಗೆ ಪ್ರಶ್ನೆಪತ್ರಿಕೆ ಪೂರ್ತಿ ಸಿಕ್ಕಿತು. ಪರೀಕ್ಷೆ ಮುಗಿದ ಮೇಲೆ ಅವರೇ ಪೇಡೆ ಡಬ್ಬಿ ಹಿಡಿದು ಆಫೀಸಿಗೆ ಬಂದು, ಲೈನ್‌ಮ್ಯಾನಿಗೂ ಕೊಟ್ಟು ಹೋದರು.

ಈಗ ಅವರಿಲ್ಲ. ಆ ಕಂಪನಿಯೂ ಇಲ್ಲ. ಗಣಿ ಭರಾಟೆ ಇಳಿದು ಲಾರಿಗಳ ಸಾಲು ಕರಗಿತು, ಹೊಸಪೇಟೆಯ ಬಿಳಿ ಬಟ್ಟೆ ಈಗ ಬಿಳಿಯಾಗಿಯೇ ಮನೆ ಸೇರುತ್ತದೆ. ಇಂಟರ್ನೆಟ್ಟಿನ ಬಗ್ಗೆ ಯಾರಾದರೂ ದೂರಬೇಕಾದರೆ ಯಾವುದೋ ನಂಬರು ಒತ್ತಬೇಕು, ಒಂದಕ್ಕೆ ಕನ್ನಡ, ಎರಡಕ್ಕೆ ಹಿಂದಿ. ಮೇಜಿನ ಆಚೆ ಕೂತು, ಬೈದು, ನೀರು ಕುಡಿದು, ಮನೆಯ ಸುದ್ದಿ ಹೇಳಿ ಹೋಗುವವರು ಇಲ್ಲ. ನನಗೆ ಅವರೆಲ್ಲರ ಬೈಗುಳ ಈಗಲೂ ಬೇಕು ಅನ್ನಿಸುತ್ತದೆ.

ಅಂದಹಾಗೆ, ಬಳ್ಳಾರಿಯಲ್ಲಿ ಹಾಗೆ ಹೇಳಿದ ಮೇಲೂ ನನ್ನ ಕೆಲಸ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದನ್ನು ಹೇಳಿ ಮುಗಿಸುತ್ತೇನೆ.

ವಿಚಾರಣೆಯ ಮಾರನೆಯ ದಿನ ಆಫೀಸಿಗೆ ಬಂದಾಗ ಮ್ಯಾನೇಜರಿಗೆ ಜ್ವರ ಬಿಟ್ಟಿತ್ತು. ವಕೀಲರು ಫೋನಿನಲ್ಲಿ ಎಲ್ಲ ಹೇಳಿದ್ದರು. ನನ್ನ ನಮಸ್ಕಾರಕ್ಕೆ ಉತ್ತರ ಕೊಡದೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಟಕಟಕ ಟೈಪು ಮಾಡುವ ಸದ್ದು. ಚಹ ಕೊಡಲು ಹೋದ ಲೈನ್‌ಮ್ಯಾನು ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದ: "ಮೇಡಂ, ನಿಮ್ಮನ್ನ ತಗದು ಹಾಕ್ರಿ ಅಂತ ಹೆಡ್ಡಾಫೀಸಿಗೆ ಬರಿಯಾಕ ಹತ್ಯಾರ."

ನಾನು ನನ್ನ ಸಾಮಾನು ಜೋಡಿಸಿಕೊಂಡೆ. ಊಟದ ಡಬ್ಬಿ, ಛತ್ರಿ, ಬಾಚಣಿಗೆ. ಹನ್ನೊಂದಾಯಿತು. ಒಂದಾಯಿತು. ಮೂರಾಯಿತು. ಕರೆ ಬರಲಿಲ್ಲ. ಮೂರೂವರೆಗೆ ಬಾಗಿಲು ತೆರೆಯಿತು. ಮ್ಯಾನೇಜರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನೇರ ಬಂದು ನನ್ನ ಮೇಜಿನ ಆಚೆ, ಗ್ರಾಹಕರು ನಿಲ್ಲುವ ಜಾಗದಲ್ಲಿ ನಿಂತರು.

"ಮೇಡಂ, ಬೆಳಿಗ್ಗೆಯಿಂದ ಒಂದು ಇ-ಮೇಲ್ ಕಳಿಸ್ತಾ ಇದ್ದೀನಿ. ಹೋಗ್ತಾನೇ ಇಲ್ಲ."

ಅಭ್ಯಾಸದಿಂದ ನನ್ನ ಕೈ ತಾನಾಗಿ ಪುಸ್ತಕ ತೆರೆಯಿತು. "ಎಷ್ಟು ಪುಟ ಸರ್?"

"ನಾಲ್ಕು."

"ಜೊತೆಗೆ ಏನಾದರೂ ಲಗತ್ತಿಸಿದ್ದೀರಾ?"

"ಒಂದು ಫೋಟೋ."

"ಯಾರದು ಸರ್?"

ಮ್ಯಾನೇಜರು ಗೋಡೆ ನೋಡಿದರು. "ನಿಮ್ಮದೇ."

ನಾನು ತಲೆ ತಗ್ಗಿಸಿ ಬರೆದುಕೊಂಡೆ. ಹೆಸರು, ವಿಳಾಸ, ಸಮಯ. "ದೂರು ಏನಂತ ಬರೀಲಿ ಸರ್?"

ಅಷ್ಟಕ್ಕೇ ಅವರ ಸಹನೆಯ ಕಟ್ಟೆ ಒಡೆಯಿತು. "ಏನಂತ ಬರೀತೀರಿ? ನಿಧಾನ ಅಂತ ಬರೀರಿ! ಆರು ಗಂಟೆ ಆಯ್ತು ಮೇಡಂ, ಆರು ಗಂಟೆ! ದುಡ್ಡು ತಗೊಂಡು, ಬಸ್ ಸ್ಟ್ಯಾಂಡ್ ಮುಂದೆ ಅಷ್ಟು ದೊಡ್ಡದಾಗಿ ಬರೆಸಿ, ಹೇಳಿದ ಸ್ಪೀಡ್ ಕೊಡದೇ ಇದ್ರೆ ಅದು ಮೋಸ ಅಲ್ವಾ? ಕೇಳೋರು ಯಾರೂ ಇಲ್ವಾ ಇವರನ್ನ?"

ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಲೈನ್‌ಮ್ಯಾನು ತಲೆ ಎತ್ತಿ, ಬಹಳ ವಿನಯದಿಂದ ಹೇಳಿದ:

"ಬಳ್ಳಾರ್ಯಾಗ ಅದಾರ್ರಿ ಸರ್. ಮೇಡಂಗ ದಾರಿ ಗೊತ್ತೈತಿ, ಕರಕೊಂಡು ಹೋಗ್ತಾರ."